ನೊಗ ಇಳಿಸಿದರೆ ಕುಂಟದ ಕಾಲು

ಡಾಕ್ಟರ ಮುಂದೆ ಮಲಗಿದಾಗಲೆಲ್ಲ ನನ್ನ ಎಡಗಾಲು ಕನ್ಯೆ ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ ಇರುತ್ತಿತ್ತು. ಮಡಚು ಅಂದರೆ ಮಡಚುತ್ತಿತ್ತು, ಚಾಚು ಅಂದರೆ ಚಾಚುತ್ತಿತ್ತು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಹೇಳಿದ ಹಾಗೆ ಹಾರುತ್ತಿತ್ತು. ನೋಡಿದವರೆಲ್ಲ ಇಂಥ ಗಟ್ಟಿ ಕಾಲು ಅಪರೂಪ ಎಂದು ಹೊಗಳಿ ಕಳಿಸುತ್ತಿದ್ದರು. ಅದರ ಕಪಟ ಗೊತ್ತಿದ್ದದ್ದು ನನಗೊಬ್ಬಳಿಗೆ. ಆ ಕಾಲಿನ ಮೇಲೆ ಚಾಡಿ ಹೇಳುತ್ತ ನಾನು ಎರಡು ದೇಶದ ಆಸ್ಪತ್ರೆ ಸುತ್ತಿದೆ. ಯಾರೂ ನಂಬಲಿಲ್ಲ. ಕೊನೆಕೊನೆಗೆ ನನಗೇ ನನ್ನ ಮೇಲೆ ನಂಬಿಕೆ ಹೋಯಿತು.

ಈಗ ಇದನ್ನು ಬರೆಯುತ್ತಿರುವುದೂ ಅದಕ್ಕೇ. ತನಗೆ ಆಗುತ್ತಿರುವುದು ಒಂದು, ರಿಪೋರ್ಟು ಹೇಳುವುದು ಇನ್ನೊಂದು ಎಂಬ ಪೇಚಿನಲ್ಲಿ ಸಿಕ್ಕವರು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಈ ಹೊತ್ತಿಗೂ ಕೂತಿರುತ್ತಾರೆ. ಅವರು ಸ್ವಲ್ಪ ಸರಿದು ಜಾಗ ಕೊಟ್ಟರೆ ಪಕ್ಕದಲ್ಲಿ ಕೂತು ನನ್ನ ಕಥೆ ಹೇಳಿಯೇನು.

ನಮ್ಮೂರು ರಾಮದುರ್ಗ ತಾಲೂಕಿನ ಕಟಕೋಳ. ನಾನು ಸೈಕಲ್ ಕಲಿತದ್ದು ಅಪ್ಪನ ಎತ್ತರದ ಸೈಕಲ್ಲಿನ ನಡುವಿನ ಕೊಳವೆಯ ಕೆಳಗೆ ಕಾಲು ತೂರಿಸಿ, ಸೀಟು ಮುಟ್ಟದೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಹುಡುಗಿಯೊಬ್ಬಳು ಜೋರಾಗಿ ಸೈಕಲ್ ತುಳಿದು ಹೋದರೆ ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಅವರು ನೋಡಲಿ ಎಂದೇ ನಾನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದೆ. ಸವದತ್ತಿಯಲ್ಲಿ ಶಾಲೆಗಳ ನಡುವಿನ ಪಂದ್ಯ ಗೆದ್ದದ್ದು, ಸರ್ಕಾರದ ಕ್ರೀಡಾ ಹಾಸ್ಟೆಲ್ ಸೇರಿದ್ದು, ಮುಂದೆ ರಾಜ್ಯಕ್ಕೆ, ದೇಶಕ್ಕೆ ಓಡಿಸಿದ್ದು, ಇವೆಲ್ಲ ಒಂದರ ಹಿಂದೆ ಒಂದು ಆದವು. ಎರಡು ಸಾವಿರದ ಇಸವಿ ದಾಟಿ ಕೆಲ ವರ್ಷಕ್ಕೆ ಬೆಲ್ಜಿಯಂ ದೇಶದ ಒಂದು ಸಣ್ಣ ಮಹಿಳಾ ತಂಡ ನನ್ನನ್ನು ಕರೆಸಿಕೊಂಡಿತು. ಏಷ್ಯಾದ ಸ್ಪರ್ಧೆಯೊಂದರಲ್ಲಿ ನನ್ನನ್ನು ಕಂಡಿದ್ದ ಯಾನ್ ಎಂಬುವನು ಆ ತಂಡದ ಮ್ಯಾನೇಜರ್. ಕರಾರು ವರ್ಷಕ್ಕೊಮ್ಮೆ. ಇಟ್ಟುಕೊಳ್ಳುವುದು, ಬಿಡುವುದು ಅವನ ಕೈಯಲ್ಲಿತ್ತು.

ಅಲ್ಲಿ ನನ್ನ ಕೆಲಸ ಗೆಲ್ಲುವುದಲ್ಲ, ಗೆಲ್ಲುವವಳಿಗೆ ಗಾಳಿ ತಡೆಯುವುದು. ಕಾರಿನಿಂದ ನೀರಿನ ಬಾಟಲಿಗಳನ್ನು ಬೆನ್ನಿಗೆ ತುರುಕಿಕೊಂಡು ಬಂದು ಹಂಚುವುದು, ಏರು ಬಂದಾಗ ನಮ್ಮ ನಾಯಕಿಯನ್ನು ಹಿಂದಿಟ್ಟುಕೊಂಡು ಮುಂದಕ್ಕೆ ಒಯ್ಯುವುದು, ಆಮೇಲೆ ಬದಿಗೆ ಸರಿದು ಅವಳು ಹೋಗುವುದನ್ನು ನೋಡುವುದು. ನನಗೆ ಈ ಕೆಲಸ ಬಹಳ ಹಿಡಿಸಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ, ನಾನು ಅದರಲ್ಲಿ ಜಾಣೆಯಾಗಿದ್ದೆ.

ನಾನು ಇದ್ದದ್ದು ಒಬ್ಬ ವಯಸ್ಸಾದ ವಿಧವೆಯ ಮನೆಯಲ್ಲಿ. ಹೆಸರು ಗೋದೆಲೀವ್. ನನ್ನ ನಾಲಿಗೆಯಲ್ಲಿ ಅದು ಒಂದೇ ವಾರದಲ್ಲಿ ಗೋದಕ್ಕ ಆಯಿತು. ಅಕ್ಕ ಅಂದರೇನು ಎಂದು ತಿಳಿದ ಮೇಲೆ ಅವಳು ಪಕ್ಕದ ಮನೆಯವರಿಗೂ ಹಾಗೆಯೇ ಕರೆಯಲು ಹೇಳಿಕೊಟ್ಟಳು. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಅದರಿಂದ ಜಗಳವಾಡುವ ಪ್ರಸಂಗ ಬರಲಿಲ್ಲ.

ಮೊದಲ ವರ್ಷ ಚೆನ್ನಾಗಿ ಕಳೆಯಿತು. ಎರಡನೇ ವರ್ಷದ ವಸಂತದಲ್ಲಿ, ಕಲ್ಲು ಹಾಸಿದ ಒಂದು ಕಿರಿದಾದ ಏರಿನಲ್ಲಿ ಅದು ಮೊದಲು ಆಯಿತು. ಅಂಥ ಏರಿಗೆ ನೂರಕ್ಕೂ ಮಿಕ್ಕಿ ಹೆಣ್ಣುಮಕ್ಕಳು ಭುಜಕ್ಕೆ ಭುಜ ತಾಗಿಸಿಕೊಂಡು ನುಗ್ಗುತ್ತೇವೆ. ಮುಂದಿದ್ದರೆ ಉಳಿದೆ, ಹಿಂದೆ ಬಿದ್ದರೆ ಆ ದಿನದ ಕಥೆ ಮುಗಿಯಿತು. ನಾಯಕಿ ನನ್ನ ಬೆನ್ನಿಗಿದ್ದಳು. ಅರ್ಧ ಏರಿಗೆ ನನ್ನ ಎಡ ತೊಡೆ ಬಿಗಿಯಿತು, ಆಮೇಲೆ ಉರಿಯಿತು, ಆಮೇಲೆ ಏನೂ ಇಲ್ಲವಾಯಿತು. ಕಾಲು ಇತ್ತು, ಅದು ನನ್ನದಾಗಿರಲಿಲ್ಲ. ಯಾರೋ ಪೆಡಲಿಗೆ ಮರಳಿನ ಚೀಲ ಕಟ್ಟಿ ಹೋದ ಹಾಗಿತ್ತು. ಬಲಗಾಲೊಂದರಲ್ಲೇ ತುಳಿಯಲು ಹೋಗಿ ಸೈಕಲ್ ಅಡ್ಡಾದಿಡ್ಡಿಯಾಯಿತು. ಹಿಂದಿನವರು ಅವರ ಭಾಷೆಯಲ್ಲಿ ಬೈದರು. ನಾಯಕಿ ನನ್ನನ್ನು ದಾಟಿ ಹೋಗುವಾಗ ಒಮ್ಮೆ ತಿರುಗಿ ನೋಡಿದಳು.

ಗುಂಪೆಲ್ಲ ಹೋದ ಮೇಲೆ ರಸ್ತೆಯ ಬದಿಗೆ ಇಳಿದು ನಿಂತೆ. ಸ್ವಲ್ಪ ಹೊತ್ತಿಗೆ ಕಾಲು ಜುಮ್ಮೆಂದು ಮರಳಿ ಬಂತು. ಯಾನ್‌ನ ಕಾರು ಬರುವ ಹೊತ್ತಿಗೆ ನಾನು ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದೆ. ಏನಾಯಿತು ಎಂದ. ಕಾಲು ಎಂದೆ. ಅವನು ಕಾಲನ್ನು ನೋಡಿದ, ನನ್ನ ಮುಖ ನೋಡಿದ, ಕಾರು ಹತ್ತಲು ಹೇಳಿದ. ಆ ನೋಟವನ್ನು ಆಮೇಲೆ ನಾನು ಬಹಳ ಜನರ ಕಣ್ಣಲ್ಲಿ ಕಂಡೆ.

ಅದು ಮತ್ತೆ ಆಯಿತು, ಮತ್ತೆ ಮತ್ತೆ ಆಯಿತು. ಸಮತಟ್ಟು ರಸ್ತೆಯಲ್ಲಿ ಸುಮ್ಮನೆ ತುಳಿದರೆ ಏನೂ ಇಲ್ಲ. ಜೀವ ಬಿಟ್ಟು ತುಳಿಯುವ ಹೊತ್ತಿಗೆ ಸರಿಯಾಗಿ ಕಾಲು ಸಾಯುವುದು, ನಿಂತ ಕೂಡಲೇ ಬದುಕುವುದು. ಸೀಟಿನ ಎತ್ತರ ಬದಲಿಸಿದರು, ಶೂ ಬದಲಿಸಿದರು, ಬೆನ್ನು ತಿಕ್ಕಿದರು. ಗೋದಕ್ಕ ತನ್ನ ಹಳೆಯ ಕಾರಿನಲ್ಲಿ ಒಬ್ಬರಾದ ಮೇಲೊಬ್ಬರು ಡಾಕ್ಟರ ಬಳಿ ಕರೆದೊಯ್ದಳು. ಆ ದೇಶದ ಕಾಯುವ ಕೋಣೆಗಳು ತಣ್ಣಗೆ, ಚೊಕ್ಕಟವಾಗಿ ಇರುತ್ತವೆ. ಯಾರೂ ಯಾರಿಗೂ ನಿಮಗೇನಾಗಿದೆ ಎಂದು ಕೇಳುವುದಿಲ್ಲ. ಕೇಳಲಿ ಎಂದು ನಾನು ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದೆ. ಒಳಗೆ ಹೋದರೆ ನನ್ನ ಜಾಣ ಕಾಲು ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತಿತ್ತು. ತಂಡದ ಹುಡುಗಿಯರು ಕೆಟ್ಟವರಲ್ಲ, ಆದರೂ ನಾನು ಬಂದಾಗ ಮಾತು ಬದಲಿಸುವುದು ಗೊತ್ತಾಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅವರ ಭಾಷೆಯಲ್ಲಿ ಇದೆಯೋ ಇಲ್ಲವೋ, ಅವರ ಮುಖದಲ್ಲಿತ್ತು.

ಬೇಸಿಗೆಯ ಹೊತ್ತಿಗೆ ಯಾನ್ ನನ್ನನ್ನು ಕೂರಿಸಿಕೊಂಡು ಮಾತಾಡಿದ. ಊರಿಗೆ ಹೋಗಿ ವಿಶ್ರಾಂತಿ ತಗೋ, ಕಾಲು ಸರಿಯಾದರೆ ಬಾ, ಸರಿಯಾಗದಿದ್ದರೆ ಮುಂದಿನ ವರ್ಷಕ್ಕೆ ನಿನ್ನನ್ನು ಇಟ್ಟುಕೊಳ್ಳುವುದು ಕಷ್ಟ ಎಂದ. ಸಿಟ್ಟಿನಿಂದ ಹೇಳಿದ್ದರೆ ಜಗಳಕ್ಕಾದರೂ ನಿಲ್ಲುತ್ತಿದ್ದೆ. ಅವನು ಕರುಣೆಯಿಂದ ಹೇಳಿದ.

ಕಟಕೋಳಕ್ಕೆ ಬಂದಾಗ ಅವ್ವ ಬಾಗಿಲಲ್ಲೇ ನಿಲ್ಲಿಸಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ನೋಡು, ಎಷ್ಟು ಕೆಟ್ಟ ಕಣ್ಣು ಬಿದ್ದಿತ್ತು ಎಂದು ಅವಳಿಗೆ ಖಾತ್ರಿಯಾಯಿತು. ಬೆಣ್ಣೆ, ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ ಒತ್ತಾಯ ಮಾಡಿ ತಿನ್ನಿಸಿದಳು. ನಾನು ನಡುವಿಗೆ ಕಟ್ಟಿದ್ದ ಉಡದಾರವೇ ರಕ್ತ ಬಿಗಿಹಿಡಿದಿದೆ ಎಂದು ಒಂದು ದಿನ ಹೊಳೆದು, ತಾನೇ ಕತ್ತರಿ ತಂದು ಕತ್ತರಿಸಿದಳು. ಎಲ್ಲಮ್ಮನಿಗೆ ಬೆಳ್ಳಿಯ ಕಾಲು ಮಾಡಿಸಿ ಹಾಕುತ್ತೇನೆಂದು ಹರಕೆ ಹೊತ್ತಳು. ನಾನು ನಕ್ಕೆ. ಒಳಗೊಳಗೇ, ಎಡಗಾಲು ಎಂದು ಸ್ಪಷ್ಟವಾಗಿ ಹೇಳಿದ್ದಾಳೋ ಇಲ್ಲವೋ ಎಂಬ ಚಿಂತೆಯೂ ಆಯಿತು.

ಬೆಳಗಾವಿಯ ದೊಡ್ಡ ಆಸ್ಪತ್ರೆಗೂ ಹೋದೆವು. ಅಲ್ಲಿಯ ಕಾಯುವ ಕೋಣೆ ಬೆಲ್ಜಿಯಂನಂತಲ್ಲ. ಕೂರುವುದರೊಳಗೆ ಕಿತ್ತೂರ ಕಡೆಯ ಅಜ್ಜಿಯೊಬ್ಬಳು ನನ್ನ ಊರು, ಮನೆತನ, ಮದುವೆ, ಕಾಲು ಎಲ್ಲ ವಿಚಾರಿಸಿ ಮುಗಿಸಿದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ತನ್ನ ಚೀಲದಿಂದ ಒಂದು ಪೇರಲಹಣ್ಣು ತೆಗೆದು ನನ್ನ ಕೈಯಲ್ಲಿಟ್ಟಳು.

"ಇಷ್ಟ ಜ್ವಾಕಿಲೆ ಹೇಳಾಕತ್ತಿ ಅಂದ್ರ ಸುಳ್ಳ ಇರಾಂಗಿಲ್ಲ ಬಿಡ" ಎಂದಳು.

ಆ ವರ್ಷ ನನ್ನನ್ನು ನಂಬಿದ ಮೊದಲನೆಯವಳು ಅವಳು. ಹಣ್ಣು ತಿನ್ನುತ್ತ ನನಗೆ ಅಳು ಬಂತು, ಅವ್ವನಿಗೆ ಕಾಣದಂತೆ ಮುಖ ಆಚೆ ಮಾಡಿದೆ. ಒಳಗೆ ಬೆನ್ನಿನ ಫೋಟೋ ತೆಗೆದರು, ನರ ನೋಡಿದರು, ರಕ್ತ ನೋಡಿದರು. ಎಲ್ಲ ನಾರ್ಮಲ್. ಡಾಕ್ಟರು ಒಳ್ಳೆಯವರು, ತಡವರಿಸುತ್ತ, ಮನಸ್ಸಿನ ಡಾಕ್ಟರನ್ನು ಒಮ್ಮೆ ಕಂಡರೆ ಹೇಗೆ ಎಂದು ಕೇಳಿದರು.

ಅಪ್ಪ ಇಷ್ಟೂ ದಿನ ಏನೂ ಮಾತಾಡಿರಲಿಲ್ಲ. ಅಪ್ಪನ ವಿಷಯ ಇಲ್ಲಿ ಹೇಳಲೇಬೇಕು. ಅವನು ಒಕ್ಕಲುತನದವನು, ಆದರೆ ಸುತ್ತಲಿನ ಊರುಗಳಲ್ಲಿ ಅವನ ಹೆಸರು ನಡೆಯುತ್ತಿದ್ದದ್ದು ಎತ್ತಿನ ಪರೀಕ್ಷೆಗೆ. ಬೈಲಹೊಂಗಲದ ಸಂತೆಯಲ್ಲಿ ಜೋಡಿ ಕೊಳ್ಳುವವರು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ನಿಂತ ಎತ್ತಿಗೆ ಅವನು ಬೆಲೆ ಹೇಳುತ್ತಿರಲಿಲ್ಲ. ಹೇರು ತುಂಬಿದ ಚಕ್ಕಡಿಯ ಗಾಲಿಗಳಿಗೆ ಹಗ್ಗ ಬಿಗಿದು, ತಿರುಗದಂತೆ ಮಾಡಿ, ಏರಿಗೆ ಎಳೆಸುತ್ತಿದ್ದ. ಎತ್ತು ಕಾಲೆಳೆದರೆ ಅಲ್ಲೇ ನೊಗ ಇಳಿಸಿ, ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದ. ನಿಜವಾದ ನೋವಿದ್ದ ಎತ್ತು ನೊಗ ಇಳಿಸಿದ ಮೇಲೂ ಕುಂಟುತ್ತದೆ. ಬಾಯಲ್ಲಿನ ಅಡಿಕೆ ಮುಗಿಯುವುದರೊಳಗೆ ಕುಂಟು ಮಾಯವಾಯಿತೋ, ಅದು ನೊಗ ತಪ್ಪಿಸಿಕೊಳ್ಳಲು ಕಲಿತ ಮೈಗಳ್ಳ. ಕಳ್ಳೆತ್ತು ಎನ್ನುತ್ತಿದ್ದ ಅಪ್ಪ. ಅವನ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲೇ ಕೆಂದ ಎಂಬ ಎತ್ತಿತ್ತು. ಕಪ್ಪು ಮೂತಿ, ಕೆಂಪು ಮೈ. ನಾನು ಕದ್ದು ತಂದ ಬೆಲ್ಲವನ್ನು ಅದು ಅಂಗೈ ನೆಕ್ಕಿ ತಿನ್ನುತ್ತಿತ್ತು. ಒಂದು ವರ್ಷ ಏರು ಹೊಲದಲ್ಲಿ ಹಿಂಗಾಲು ಎಳೆಯಲು ಶುರು ಮಾಡಿತು. ಅಪ್ಪ ಪರೀಕ್ಷೆ ಮಾಡಿದ. ನೊಗ ಇಳಿಸಿದ ಕೂಡಲೇ ಕೆಂದ ನೆಟ್ಟಗಾಗಿ ಬಾಲ ಬೀಸುತ್ತ ಮೇವಿಗೆ ಬಾಯಿ ಹಾಕಿತು. ಮುಂದಿನ ಸಂತೆಗೆ ಮಾರಿಬಂದ. ನಾನು ಅತ್ತಾಗ, ಕಳ್ಳೆತ್ತಿಗೆ ಅಳಬಾರದು ಎಂದು ಗದರಿದ್ದ. ಅದು ಯಾರ ಕೈ ಸೇರಿತೋ ನಾವು ಯಾರೂ ಕೇಳಲಿಲ್ಲ.

ಬೆಳಗಾವಿಯಿಂದ ಬಂದ ಕೆಲ ದಿನಕ್ಕೆ ಅಪ್ಪ ಬೆಳಿಗ್ಗೆ ಎದ್ದವನೇ, ಸೈಕಲ್ ತಗೋ ಎಂದ. ನನ್ನನ್ನು ಮುಂದೆ ಬಿಟ್ಟುಕೊಂಡು ತಾನು ಬೈಕಿನಲ್ಲಿ ಹಿಂದೆ ಬಂದ. ಸವದತ್ತಿ ದಾಟಿ ಎಲ್ಲಮ್ಮನ ಗುಡ್ಡದ ಏರಿಗೆ ಬಂದಾಗ, ಇನ್ನು ಜೀವ ಕೊಟ್ಟು ತುಳಿ ಎಂದ. ನಾನು ತುಳಿದೆ. ಅಪ್ಪನೆದುರು ಗೆಲ್ಲಬೇಕೆಂಬ ಹಟ ಎಷ್ಟಿತ್ತೆಂದರೆ, ಕಾಲು ಈ ಒಂದು ಸಲ ಮಾನ ಉಳಿಸೀತು ಅಂದುಕೊಂಡೆ. ಎರಡನೇ ತಿರುವಿನಲ್ಲಿ ಅದು ಸತ್ತಿತು. ಅಪ್ಪ ಇಳಿದು ಬಂದು, ಕೂರು ಎಂದು ಕಲ್ಲು ತೋರಿಸಿದ. ತಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಚಂಚಿ ಬಿಚ್ಚಿ ಎಲೆಗೆ ಸುಣ್ಣ ಸವರತೊಡಗಿದ.

ಆಗ ನನಗೆ ಅರ್ಥವಾಯಿತು. ಇನ್ನೂ ಸ್ವಲ್ಪ ಹೊತ್ತು ನೋಯಿ, ದಯವಿಟ್ಟು ನೋಯಿ ಎಂದು ಕಾಲಿಗೆ ಬೇಡಿಕೊಂಡೆ. ಅಪ್ಪನ ದವಡೆ ಆಡುತ್ತಿತ್ತು. ಅಡಿಕೆ ಮುಗಿಯುವ ಮೊದಲೇ ಕಾಲು ಬೆಚ್ಚಗೆ, ಹಗುರಾಗಿ, ಏನೂ ಆಗದಂತೆ ಮರಳಿ ಬಂತು. ಹೆಂಗದ ಈಗ ಎಂದ. ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. ಮತ್ತೊಮ್ಮೆ ತುಳಿಸಿದ. ಮತ್ತೆ ಹಾಗೇ ಆಯಿತು.

ಅವನು ಎಲೆ ಉಗುಳಿ, ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟ.

"ತಂಗಿ, ನಿನ್ನ ಕಾಲಾಗ ಏನೂ ಇಲ್ಲವ್ವಾ. ಬ್ಯಾಸರಾಗಿದ್ರ ಬ್ಯಾಸರಾಗೇತಿ ಅಂತ ಹೇಳು, ಬಿಟ್ಟ ಬಿಡು. ನಾ ಏನ ಅನ್ನಾಂಗಿಲ್ಲ. ಕಾಲಿನ ಮ್ಯಾಲ ಹಾಕಬ್ಯಾಡ."

ಕಳ್ಳೆತ್ತು ಎಂಬ ಮಾತನ್ನು ಅವನು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ನಮ್ಮ ಕಡೆ ಮಗಳನ್ನು ಪರದೇಶಕ್ಕೆ ಸೈಕಲ್ ಹೊಡೆಯಲು ಕಳಿಸಿದ ತಂದೆ ಅವನೊಬ್ಬನೇ, ಊರವರ ಬಾಯಿ ಮುಚ್ಚಿಸಿದವನು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಬರಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು. ನಾನು ಅವನನ್ನು ನಂಬಿದೆ. ಅಪ್ಪ ಎತ್ತಿನ ವಿಷಯದಲ್ಲಿ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಹಾಗಾದರೆ ಎಲ್ಲೋ ಒಳಗೆ ನನಗೇ ತಿಳಿಯದ ಒಬ್ಬ ಮೈಗಳ್ಳಿ ಕೂತಿದ್ದಾಳೆ, ಏರು ಕಂಡಾಗ ಅವಳು ನೊಗ ಕೆಡವುತ್ತಾಳೆ, ಅವಳನ್ನು ಹೊಡೆದು ಎಬ್ಬಿಸಬೇಕು ಎಂದು ನಿರ್ಧಾರ ಮಾಡಿಕೊಂಡು ಬೆಲ್ಜಿಯಂಗೆ ಮರಳಿದೆ. ಯಾನ್‌ಗೆ ಕಾಲು ಸರಿಯಾಗಿದೆ ಎಂದೆ.

ಆ ಶರತ್ಕಾಲದ ದಿನಗಳನ್ನು ನೆನೆದರೆ ಈಗಲೂ ಮೈ ಬಿಗಿಯುತ್ತದೆ. ಕಾಲು ಸತ್ತಾಗ ನಿಲ್ಲದೆ ತುಳಿದೆ. ತೊಡೆಗೆ ಮುಷ್ಟಿಯಿಂದ ಗುದ್ದಿಕೊಂಡೆ. ನನಗೆ ನಾನೇ ಕನ್ನಡದಲ್ಲಿ ಬೈದುಕೊಂಡೆ. ಪಕ್ಕದಲ್ಲಿದ್ದವರು ಅದು ಪ್ರಾರ್ಥನೆ ಅಂದುಕೊಂಡರು. ಏರಿನಲ್ಲಿ ಹಿಂದೆ ಬಿದ್ದರೂ ಇಳಿಯದೆ ಕೊನೆಯವಳಾಗಿ ಬಂದು ಮುಟ್ಟುತ್ತಿದ್ದೆ. ಗೋದಕ್ಕ ನನ್ನ ತೊಡೆಯ ಮೇಲಿನ ನೀಲಿ ಗುರುತು ನೋಡಿ ಯಾರು ಹೊಡೆದರು ಎಂದು ಕೇಳಿದಳು. ಬಿದ್ದೆ ಎಂದೆ.

ನಿಜಕ್ಕೂ ಬಿದ್ದದ್ದು ಋತು ಮುಗಿಯುವ ಹೊತ್ತಿನ ಒಂದು ರೇಸಿನಲ್ಲಿ. ಯಾನ್ ಮುಂದಿನ ವರ್ಷದ ಹೆಸರುಗಳನ್ನು ಗಟ್ಟಿ ಮಾಡುವ ಮೊದಲಿನ ಕೊನೆಯ ಅವಕಾಶ ಅದು. ಉದ್ದ ಏರು, ತುದಿಯಲ್ಲಿ ಜನ. ತುದಿ ಕಾಣುತ್ತಿದ್ದಾಗ ಎಡ ಪಾದ ಎಲ್ಲಿದೆ ಎಂಬುದೇ ತಿಳಿಯದಾಯಿತು. ಪೆಡಲ್ ತಪ್ಪಿತು. ಬೇಲಿಯ ಮೇಲೆ ಬಿದ್ದೆ. ರೇಸಿನ ಜೊತೆಗೇ ಬರುತ್ತಿದ್ದ ಡಾಕ್ಟರ ಕಾರು ನನ್ನ ಬೆನ್ನಿಗೇ ಇತ್ತು. ಅದರಿಂದಿಳಿದ ಡಾಕ್ಟರು, ನಡುವಯಸ್ಸಿನ ಹೆಂಗಸು, ಓಡಿ ಬಂದಳು. ಮೂಳೆ ಮುರಿದಿದೆಯೋ ಎಂದು ಪಾದದಿಂದ ನೋಡತೊಡಗಿದಳು. ಎರಡೂ ಕಾಲಿನ ಶೂ, ಸಾಕ್ಸು ಕಿತ್ತೆಸೆದು, ಬಲಪಾದದ ಮೇಲೆ ಎರಡು ಬೆರಳಿಟ್ಟಳು. ಎಡಪಾದದ ಮೇಲೆ ಇಟ್ಟಳು. ಮತ್ತೆ ಬಲಕ್ಕೆ ಹೋದಳು, ಮತ್ತೆ ಎಡಕ್ಕೆ ಬಂದಳು. ಎಡಪಾದ ಬಿಳಿಚಿಕೊಂಡಿತ್ತು. ಈ ಕಾಲು ತಣ್ಣಗಿದೆ, ಇಲ್ಲಿ ನಾಡಿಯೇ ಸಿಗುತ್ತಿಲ್ಲ ಎಂದಳು.

ನಾನು ಏಳಲು ಹೋದೆ. ಸ್ವಲ್ಪ ತಡೆದರೆ ಸರಿಹೋಗುತ್ತದೆ, ಇದು ನನ್ನ ತಲೆಯೊಳಗಿನ ಕಾಯಿಲೆ ಎಂದೆ. ಅವಳು ಮಲಗು ಎಂದು ಭುಜ ಒತ್ತಿದಳು. ಬೆರಳು ತೆಗೆಯಲಿಲ್ಲ. ಸೈಕಲ್‌ಗಳು, ಕಾರುಗಳು ಹಾದುಹೋದವು. ಯಾನ್ ಬಂದು ನಿಂತ. ಆಮೇಲೆ ಅವಳು ಮೆಲ್ಲಗೆ, ಈಗ ಬರುತ್ತಿದೆ, ಈಗ ಬಂತು ಎಂದಳು. ಅದೇ ಕ್ಷಣಕ್ಕೆ ನನ್ನ ಪಾದಕ್ಕೂ ಜುಮ್ಮೆಂದು ಜೀವ ಬಂತು. ಅಷ್ಟು ದಿನ ನನಗೊಬ್ಬಳಿಗೇ ಗೊತ್ತಿದ್ದದ್ದು ಆಗ ಇನ್ನೊಬ್ಬರ ಬೆರಳಿಗೂ ಗೊತ್ತಾಯಿತು. ಬೇಲಿಯ ಪಕ್ಕ ಮಲಗಿ ನಾನು ಜೋರಾಗಿ ಅತ್ತೆ. ನೋವಿಗೆ ಎಂದುಕೊಂಡು ಯಾನ್ ತನ್ನ ಕೋಟು ಹೊದಿಸಿದ.

ನೊಗದಲ್ಲಿರುವಾಗಲೇ ಕಾಲು ಮುಟ್ಟಿ ನೋಡಿದವಳು ಅವಳೊಬ್ಬಳು, ಅದೂ ನಾನು ಬಿದ್ದದ್ದರಿಂದ. ಅವಳೇ ಚೀಟಿ ಬರೆದು ಕಳಿಸಿದ ಆಸ್ಪತ್ರೆಯಲ್ಲಿ ನನ್ನನ್ನು ಮಂಚದ ಮೇಲೆ ಮಲಗಿಸಲಿಲ್ಲ, ಮೊದಲು ಸೈಕಲ್ ಹತ್ತಿಸಿದರು. ಕಾಲು ಸಾಯುವ ತನಕ ತುಳಿಸಿ, ಸತ್ತ ಕೂಡಲೇ ಹಿಡಿದಿಳಿಸಿ, ಎರಡೂ ಕಾಲಿನ ಹರಡಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು. ಎಡಗಡೆಯ ಮುಳ್ಳು ಕುಸಿದು ಕೂತಿತ್ತು. ತೊಡೆಸಂದಿಯ ಮೇಲೆ ಕಾಲಿಗೆ ಇಳಿಯುವ ದೊಡ್ಡ ರಕ್ತನಾಳ ಒಳಗೊಳಗೇ ದಪ್ಪಗಟ್ಟಿ ಕಿರಿದಾಗಿದೆ, ವರ್ಷಗಟ್ಟಲೆ ಬಗ್ಗಿ ತುಳಿದವರಿಗೆ ಬರುವಂಥದ್ದು ಎಂದರು. ಸುಮ್ಮನಿರುವಾಗ ಬೇಕಾದಷ್ಟು ರಕ್ತ ಹೋಗುತ್ತದೆ, ಹೊರೆ ಬಿದ್ದಾಗ ಸಾಲುವುದಿಲ್ಲ. ರೇಸು ಬಿಟ್ಟರೆ ಆಪರೇಷನ್ ಬೇಕಿಲ್ಲ, ಎಲ್ಲರಂತೆ ಬಾಳಬಹುದು. ರೇಸೇ ಬೇಕೆಂದರೆ ನಾಳವನ್ನು ಸೀಳಿ ತೇಪೆ ಹಾಕಬೇಕು. ಸರಿಹೋಗದಿದ್ದರೆ ಕಾಲಿಗೇ ಅಪಾಯ ಎಂಬುದನ್ನೂ ಮುಚ್ಚಿಡಲಿಲ್ಲ.

ಊರಿಗೆ ಫೋನ್ ಮಾಡಿದೆ. ಅವ್ವ ಪೂರ್ತಿ ಕೇಳದೆಯೇ, ಬ್ಯಾಡವ್ವಾ, ಇದ್ದ ಕಾಲ ತಗೊಂಡ ಮನಿಗೆ ಬಾ ಎಂದು ಅತ್ತಳು. ಅಪ್ಪ ಫೋನ್ ಇಸಿದುಕೊಂಡ. ನಾನು ಮತ್ತೆ ಮೊದಲಿನಿಂದ ಹೇಳಿದೆ.

"ಖರೇನ ಇತ್ತೇನು?" ಎಂದ.

ಇತ್ತು ಎಂದೆ. ನೀ ಹೆಂಗ ಅಂತಿ ಹಂಗ ಎಂದು ಫೋನ್ ಇಟ್ಟ.

ಯೋಚನೆಗೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಭಯಕ್ಕೆ ಬೇಕಾಯಿತು. ಕತ್ತಿಯ ಭಯ ಒಂದು ಕಡೆ. ಆದರೆ ಹಾಗೇ ಮನೆಗೆ ಹೋದರೆ ಜೀವನ ಪೂರ್ತಿ ನಾನು ನೊಗ ಇಳಿಸಿದ ಎತ್ತು. ಬೇಕಾದಷ್ಟು ರಕ್ತ ಸಿಕ್ಕರೆ ನನ್ನ ಕಾಲು ಏರಿನಲ್ಲಿ ಏನು ಮಾಡೀತು ಎಂಬುದು ನನಗೆ ಗೊತ್ತಾಗುವುದೇ ಇಲ್ಲ. ಯಾನ್, ನಾನು ಕೇಳದೆಯೇ, ಮುಂದಿನ ವರ್ಷ ನಿನ್ನ ಜಾಗ ಹಾಗೇ ಇರುತ್ತದೆ ಎಂದು ಹೇಳಿ ನೆಲ ನೋಡಿದ. ಸೀಳಿರಿ ಎಂದೆ.

ಆಪರೇಷನ್ ದಿನ ನರ್ಸ್ ಮೈಮೇಲಿನದ್ದೆಲ್ಲ ತೆಗೆಯಲು ಹೇಳಿದಳು. ಕೊರಳಲ್ಲಿ ಲಿಂಗದ ಕರಡಿಗೆ ಇತ್ತು. ರೇಸಿನಲ್ಲೂ ಅಂಗಿಯೊಳಗೆ ಬಿಗಿದುಕೊಂಡೇ ಇರುತ್ತಿದ್ದೆ. ಲಿಂಗ ಮೈಯಿಂದ ಇಳಿಯಬಾರದು ಎಂದು ಕೇಳಿಕೊಂಡೇ ಬೆಳೆದವಳು ನಾನು. ದಿನವೂ ಪೂಜೆ ಮಾಡುತ್ತಿದ್ದೆ ಎಂದೇನಲ್ಲ, ಆದರೂ ಬಿಚ್ಚಿದ ಮೇಲೆ ಒಮ್ಮೆ ಕಣ್ಣಿಗೊತ್ತಿಕೊಂಡೆ. ಗೋದಕ್ಕನ ಅಂಗೈಯಲ್ಲಿಟ್ಟು, ಮೇಜಿನ ಮೇಲಿಡಬೇಡ, ಕೈಯಲ್ಲೇ ಹಿಡಿದುಕೊ ಎಂದೆ. ಎಚ್ಚರವಾದಾಗ ಮೊದಲು ಕಂಡದ್ದು ಅವಳ ಮುಚ್ಚಿದ ಮುಷ್ಟಿ. ಊಟ, ಕಾಫಿ ಎಲ್ಲ ಎಡಗೈಯಲ್ಲೇ ಮಾಡಿದಳೆಂದು ನರ್ಸ್ ನಗುತ್ತ ಹೇಳಿದಳು. ಬೆರಳು ಸೆಟೆದುಕೊಂಡು, ಬಿಡಿಸಲು ಅವಳಿಗೇ ಕಷ್ಟವಾಯಿತು.

ಆಮೇಲಿನ ದಿನಗಳಲ್ಲಿ ನಾನು ಒಳ್ಳೆಯ ರೋಗಿಯಾಗಿರಲಿಲ್ಲ. ಹೊಟ್ಟೆಯ ಕೆಳಗಿನ ಹೊಲಿಗೆ ಎಳೆ ಎಳೆದು ನೋಯುತ್ತಿತ್ತು, ಕೆಮ್ಮಿದರೆ ಪ್ರಾಣ ಹೋಗುತ್ತಿತ್ತು. ಗೋದಕ್ಕನ ಮನೆಯ ಮೆಟ್ಟಿಲು ಹತ್ತಲು ಅವಳ ಕೋಲು ನನಗೆ ಬೇಕಾಗಿ, ಅವಳು ಗೋಡೆ ಹಿಡಿದು ನಡೆದಳು. ತೇಪೆ ಹಿಡಿದಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಪಾದ ಮುಟ್ಟಿಕೊಳ್ಳುವ ಚಟ ಅಂಟಿತು. ಅದು ಈಗಲೂ ಹೋಗಿಲ್ಲ. ಬಸ್ಸಿನಲ್ಲಿ ಕೂತಾಗ ಚಪ್ಪಲಿ ಬಿಟ್ಟು ಒಂದು ಪಾದದ ಮೇಲೊಂದು ಇಟ್ಟು ನೋಡುತ್ತೇನೆ.

ಚಳಿಗಾಲಕ್ಕೆ ಊರಿಗೆ ಬಂದೆ. ಅವ್ವ ಹೊಲಿಗೆಯ ಗುರುತು ನೋಡಿ ಒಂದು ವಾರ ಮಾತು ಬಿಟ್ಟು, ಆಮೇಲೆ ಎಲ್ಲಮ್ಮನಿಗೆ ಬೆಳ್ಳಿಯ ಕಾಲು ಮುಟ್ಟಿಸಿ ಬಂದಳು. ಅಪ್ಪ ಬೈಲಹೊಂಗಲದ ಸಂತೆಗೆ ಹೋಗುವುದನ್ನು ನಿಲ್ಲಿಸಿದ್ದ. ಕರೆಯಲು ಬಂದವರಿಗೆ, ನನಗ ಈಗ ಕಣ್ಣ ಸರಿ ಕಾಣಾಂಗಿಲ್ಲರೀ ಎಂದು ಹೇಳಿ ಕಳಿಸುತ್ತಿದ್ದನಂತೆ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ನನ್ನೊಡನೆ ಬೆಳೆಯ ಮಾತು, ಬೆಲ್ಜಿಯಂ ಹಸುಗಳ ಮಾತು ಆಡುತ್ತಿದ್ದ. ಕಾಲಿನ ಮಾತು ಬಂದರೆ ಎದ್ದು ಹೋಗುತ್ತಿದ್ದ.

ಪೂರ್ತಿ ಬಲ ಹಾಕಿ ತುಳಿಯಲು ಡಾಕ್ಟರು ಹೇಳಿದ್ದ ಗಡುವು ಬಂತು. ಬೆಳಿಗ್ಗೆ ನಾನು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರೆ ಅಪ್ಪ ಬೈಕು ಹೊರಗೆ ತಂದು ನಿಲ್ಲಿಸಿದ. ಇಬ್ಬರೂ ಎಲ್ಲಿಗೆ ಎಂದು ಕೇಳಲಿಲ್ಲ.

ಗುಡ್ಡದ ಬುಡಕ್ಕೆ ಬಂದೆವು. ಮೊದಲ ತಿರುವಿನ ತನಕ ಅಳುಕುತ್ತ ತುಳಿದೆ. ಆಮೇಲೆ ಆದದ್ದಾಗಲಿ ಎಂದು ಸೀಟಿನಿಂದೆದ್ದು ನಿಂತು ಒತ್ತಿದೆ. ಎರಡನೇ ತಿರುವು ಬಂತು, ನಾನು ಕೂತಿದ್ದ ಕಲ್ಲು ಬಂತು. ತೊಡೆ ಉರಿಯಿತು. ಬಂತಪ್ಪಾ, ಬಂತು ಎಂದುಕೊಂಡೆ. ಆದರೆ ಬಲ ತೊಡೆಯೂ ಅಷ್ಟೇ ಉರಿಯುತ್ತಿತ್ತು. ಎರಡೂ ಕಾಲು ಸಮನಾಗಿ ನೋಯುತ್ತಿದ್ದವು. ಆ ನೋವಿನಷ್ಟು ಸಿಹಿಯಾದದ್ದನ್ನು ನಾನು ಉಂಡಿಲ್ಲ. ಹಿಂದೆ ಬೈಕಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಗುಡ್ಡಕ್ಕೆ ನಡೆದು ಹೊರಟ ಹೆಂಗಸರು ದಾರಿ ಬಿಟ್ಟು ನಿಂತರು. ಕಣ್ಣು ಕತ್ತಲೆ ಬರುವ ಹಾಗೆ ತುಳಿದು ಮೇಲೆ ಮುಟ್ಟಿ, ಸೈಕಲ್ ಮೇಲೇ ಬಾಗಿ ಏದುಸಿರು ಬಿಡುತ್ತ ನಿಂತೆ.

ಅಪ್ಪ ಬೈಕು ನಿಲ್ಲಿಸಿ ಬಂದ. ಚಂಚಿ ತೆಗೆಯಲಿಲ್ಲ. ಬಂದವನೇ ನನ್ನ ಎದುರು ನೆಲಕ್ಕೆ ಕುಕ್ಕರಿಸಿ, ನನ್ನ ಎಡಗಾಲಿನ ಶೂಗೆ ಕೈ ಹಾಕಿದ. ನಮ್ಮಲ್ಲಿ ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ. ಸುತ್ತ ಜನ ಬೇರೆ ಇದ್ದರು. ನಾನು ಕಾಲು ಹಿಂದೆಳೆದುಕೊಂಡು, ಅಪ್ಪಾ, ಬ್ಯಾಡ ಎಂದೆ.

"ಸುಮ್ಮ ನಿಂದ್ರು" ಎಂದ.

ಶೂ ಬಿಚ್ಚಿದ, ಸಾಕ್ಸು ತೆಗೆದ. ನಾಡಿ ಎಲ್ಲಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಜ್ವರ ನೋಡುವ ಹಾಗೆ ಅಂಗೈ ಹಿಂಬದಿಯನ್ನು ಪಾದದ ಮೇಲಿಟ್ಟ. ಬಲಗಾಲಿನ ಶೂವನ್ನೂ ಬಿಚ್ಚಿ ಆ ಪಾದವನ್ನೂ ಹಾಗೇ ನೋಡಿದ. ಮತ್ತೆ ಎಡಕ್ಕೆ ಬಂದು, ಎರಡೂ ಕೈಯಲ್ಲಿ ಹಿಡಿದುಕೊಂಡ. ಎರಡೂ ಬೆಚ್ಚಗ ಅದಾವು ಎಂದ. ಬಿಡಲಿಲ್ಲ. ನಾನು ಅವನ ತಲೆಯ ಪಟಗದ ಮೇಲೆ ಕೈಯೂರಿ ನಿಂತಿದ್ದೆ, ಅವನ ಮುಖ ಕಾಣುತ್ತಿರಲಿಲ್ಲ.

"ಕೆಂದನ ಕಾಲ ನಾ ಒಂದ ದಿನಾನೂ ಮುಟ್ಟಿ ನೋಡಲಿಲ್ಲ, ತಂಗಿ" ಎಂದ.